ಸಪ್ಪಳ ತೆಗೆದು ಬರೆದ ಪತ್ತೇದಾರಿ ಕಾದಂಬರಿ

ಪತ್ತೇದಾರಿ ಕಥೆಗಳಲ್ಲಿ ಅರ್ಧ ಕೆಲಸ ಮಾಡುವುದು ಕಿವಿ. ಮಹಡಿ ಮೇಲೆ ಹೆಜ್ಜೆ ಸಪ್ಪಳ ಆಗುತ್ತದೆ. ಬಾಗಿಲು ಕಿರ್ರೆನ್ನುತ್ತದೆ. ಪಕ್ಕದ ಕೋಣೆಯಲ್ಲಿ ಯಾರೋ ಪಿಸುಗುಟ್ಟುತ್ತಾರೆ. ಫೋನಿನಲ್ಲಿ ಗುರುತಿಲ್ಲದ ದನಿ ಬರುತ್ತದೆ. ಇಷ್ಟನ್ನೂ ತೆಗೆದುಹಾಕಿದರೆ ಕಥೆಯಲ್ಲಿ ಏನು ಉಳಿಯುತ್ತದೆ? ಹದಿಹರೆಯದವರಿಗಾಗಿ ಒಂದು ಪತ್ತೇದಾರಿ ಕಾದಂಬರಿ ಬರೆಯಲು ಕೂತಾಗ ನನ್ನ ಮುಂದಿದ್ದ ಪ್ರಶ್ನೆ ಇದೇ. ಯಾಕೆಂದರೆ ನನ್ನ ನಾಯಕಿ ಸಿರಿಗೆ ಕಿವಿ ಕೇಳುವುದಿಲ್ಲ.

ಯೋಚನೆ ಹೊಳೆದದ್ದು ಕಥೆ ಬರೆಯುವ ಶಿಬಿರವೊಂದಕ್ಕೆ ಬಂದಿದ್ದ ಕಿವುಡ ಹುಡುಗಿಯಿಂದ. ಅವಳು ನೋಟ್‌ಬುಕ್ಕಿನಲ್ಲಿ ಬರೆದು ತೋರಿಸಿದಳು: "ಕಥೆಗಳಲ್ಲಿ ಕಿವುಡರು ಏನನ್ನೋ ನೋಡಿಬಿಡುತ್ತಾರೆ, ಹೇಳಲಾಗದೆ ಸಾಯುತ್ತಾರೆ. ಪತ್ತೆ ಮಾಡುವವರು ಯಾಕೆ ಆಗಲ್ಲ?" ನಾನು ಓದಿದ್ದನ್ನೆಲ್ಲ ನೆನಪಿಸಿಕೊಂಡೆ. ಅವಳ ಮಾತು ನಿಜವಾಗಿತ್ತು. ಅವಳಿಗೆ ಕೊಡಬಹುದಾದ ಉತ್ತರ ಒಂದೇ, ಬರೆಯುವುದು.

ಸಿರಿಗೆ 16 ವರ್ಷ. 4ನೇ ವಯಸ್ಸಿನಲ್ಲಿ ಮೆನಿಂಜೈಟಿಸ್ (ಮಿದುಳಿನ ಪೊರೆಯ ಉರಿಯೂತ) ಬಂದು ಎರಡೂ ಕಿವಿ ಹೋದವು. ಈ ಕಾಯಿಲೆ ಒಳಕಿವಿಯ ಸೂಕ್ಷ್ಮ ಕೋಶಗಳನ್ನು ಹಾಳು ಮಾಡಬಲ್ಲದು. ಒಮ್ಮೆ ಹಾಳಾದರೆ ಅವು ಮತ್ತೆ ಬೆಳೆಯುವುದಿಲ್ಲ. ಅವಳ ಶ್ರವಣ ನಷ್ಟವನ್ನು 90 ಡೆಸಿಬಲ್‌ಗಿಂತ ಜಾಸ್ತಿ ಇಟ್ಟೆ. ನಾವು ಎದುರು ಬದುರು ಕೂತು ಮಾತಾಡುವ ಮಾತು ಸುಮಾರು 60 ಡೆಸಿಬಲ್ ಇರುತ್ತದೆ. ಅಂದರೆ ಬರಿಗಿವಿಗೆ ಅವಳಿಗೆ ಅದು ತಲುಪುವುದೇ ಇಲ್ಲ. ಶ್ರವಣ ಯಂತ್ರ ಹಾಕಿಕೊಂಡರೆ ಸದ್ದು ಆಗುತ್ತಿದೆ ಅಂತ ಗೊತ್ತಾಗುತ್ತದೆ, ಮಾತು ಬಿಡಿಸಿಕೊಳ್ಳಲು ಆಗುವುದಿಲ್ಲ. ಯಂತ್ರ ಹಾಕಿದ ಕೂಡಲೇ ಎಲ್ಲ ಸರಿಹೋಗುತ್ತದೆ, ಕನ್ನಡಕ ಹಾಕಿಕೊಂಡ ಹಾಗೆ, ಅಂತ ಕಿವಿ ಕೇಳುವ ಜನ ನಂಬಿರುತ್ತಾರೆ. ಆ ನಂಬಿಕೆಯನ್ನು ಮೊದಲ ಅಧ್ಯಾಯದಲ್ಲೇ ಕೆಡವಬೇಕಿತ್ತು.

ಕಿವಿ ಹೋದ ವಯಸ್ಸನ್ನು 4 ಅಂತ ಇಟ್ಟದ್ದಕ್ಕೆ ಕಾರಣ ಇದೆ. ಕಥೆ ಹೇಳುವುದು ಸಿರಿಯೇ, ಅದೂ ಸಲೀಸಾದ ಕನ್ನಡದಲ್ಲಿ. ಹುಟ್ಟಿನಿಂದ ಕೇಳದ ಎಷ್ಟೋ ಮಕ್ಕಳಿಗೆ ಸಂಜ್ಞಾ ಭಾಷೆಯೇ ಮೊದಲ ಭಾಷೆ, ಬರಹದ ಭಾಷೆ ಎರಡನೆಯದು. ಸಿರಿಗೆ ಕಿವಿ ಹೋಗುವ ಹೊತ್ತಿಗೆ ಕನ್ನಡ ಬಾಯಿಗೆ ಬಂದಾಗಿತ್ತು. ಆಮೇಲೆ ಪುಸ್ತಕಗಳು ಅದನ್ನು ಬೆಳೆಸಿದವು. ಸಂಜ್ಞೆ ಕಲಿತದ್ದು ಶಾಲೆಗೆ ಹೋದ ಮೇಲೆ. ಕಾಕ್ಲಿಯರ್ ಇಂಪ್ಲಾಂಟ್ (ಆಪರೇಷನ್ ಮಾಡಿ ಒಳಕಿವಿಗೆ ಕೂರಿಸುವ ಸಾಧನ) ಯಾಕೆ ಹಾಕಿಸಿಲ್ಲ ಅಂತ ಕೆಲವರು ಕೇಳಿದರು. ಅದು ಆ ಮನೆಯ ತೀರ್ಮಾನ. ಕಾದಂಬರಿಯಲ್ಲಿ ಒಂದು ಪುಟದಲ್ಲಿ ಬಂದುಹೋಗುತ್ತದೆ. ಕೊನೆಯಲ್ಲಿ ಅವಳ ಕಿವಿ ಸರಿಹೋಗುವುದಿಲ್ಲ ಅನ್ನುವುದು ಮಾತ್ರ ಮೊದಲ ದಿನವೇ ತೀರ್ಮಾನ ಆಗಿತ್ತು.

ಕನ್ನಡದಲ್ಲಿ ಸದ್ದಿನ ಪದಗಳು ಎಷ್ಟಿವೆ ಅಂತ ತಿಳಿಯಬೇಕಾದರೆ ಅವನ್ನು ಬಿಟ್ಟು ಬರೆದು ನೋಡಬೇಕು. ದಡದಡ, ಟಪಟಪ, ಗುಸುಗುಸು, ಪಟಾರ್, ಧಡ್. ಭಯ ಹುಟ್ಟಿಸಬೇಕು ಅಂದ ಕೂಡಲೇ ಕೈ ತಾನಾಗಿ ಅವುಗಳ ಕಡೆಗೇ ಹೋಗುತ್ತದೆ. ಮೊದಲ ಅಧ್ಯಾಯವನ್ನು ಪ್ರಿಂಟ್ ತೆಗೆದು ಸದ್ದಿನ ಪದಕ್ಕೆಲ್ಲ ಕೆಂಪು ಶಾಯಿಯಲ್ಲಿ ಸುತ್ತು ಹಾಕಿದೆ. ಕೆಂಪಿಲ್ಲದ ಪ್ಯಾರಾ ಸಿಗುವುದೇ ಕಷ್ಟವಾಯಿತು. ಆಮೇಲೆ ಅದೇ ಭಾಷೆಯಲ್ಲಿ ಕಣ್ಣಿಗೂ ಚರ್ಮಕ್ಕೂ ಇರುವ ಜೋಡಿ ಪದಗಳನ್ನು ಹುಡುಕಿದೆ. ಮಿಣಮಿಣ ಬೆಳಕು, ಫಳಫಳ ಹೊಳೆಯುವ ಹಿಡಿಕೆ, ಪಿಳಿಪಿಳಿ ಕಣ್ಣು, ಗಡಗಡ ನಡುಕ, ಜುಮ್ಮೆನ್ನುವ ಮೈ, ಸರಕ್ಕನೆ ಸರಿಯುವ ನೆರಳು. ಕನ್ನಡ ಕೈಬಿಡಲಿಲ್ಲ.

ಒಂದು ಸಾಲು ಹೇಗೆ ಬದಲಾಯಿತು ಅಂತ ಹೇಳುತ್ತೇನೆ. ಮೊದಲು ಹೀಗಿತ್ತು: "ಹಿಂದಿನಿಂದ ಹೆಜ್ಜೆ ಸಪ್ಪಳ ಬಂತು, ತಟ್ಟನೆ ತಿರುಗಿದೆ." ಈಗ ಹೀಗಿದೆ: "ಅಂಗಾಲಿನ ಕೆಳಗೆ ಹಲಗೆ ಅದುರಿತು. ಇನ್ನೊಮ್ಮೆ ಅದುರಿತು, ಈ ಸಲ ಹತ್ತಿರ. ಕಪಾಟಿನ ಗಾಜಿನಲ್ಲಿ ನನ್ನ ಭುಜದ ಹಿಂದೆ ಇನ್ನೊಂದು ಭುಜ." ಇದನ್ನು ಬರೆದ ಮೇಲೆ ಮನೆಯ ನಕ್ಷೆಯನ್ನೇ ಬದಲಾಯಿಸಿದೆ. ಮರದ ನೆಲ ಅದುರುವಿಕೆಯನ್ನು ಚೆನ್ನಾಗಿ ಹೊತ್ತು ತರುತ್ತದೆ. ಗಟ್ಟಿ ಕಾಂಕ್ರೀಟು ನೆಲದಲ್ಲಿ ಯಾರು ನಡೆದರೂ ಕಾಲಿಗೆ ತಿಳಿಯುವುದು ಕಡಿಮೆ. ಹಾಗಾಗಿ ಮಹಡಿಗೆ ಹಲಗೆ, ಕೆಳಗೆ ಕಾಂಕ್ರೀಟು ಹಾಕಿಸಿದೆ. ಮೇಲೆ ಇದ್ದಾಗ ಸಿರಿಗೆ ಧೈರ್ಯ. ಕೆಳಗೆ ಇಳಿದರೆ ಗೋಡೆಗೆ ಬೆನ್ನು ಕೊಟ್ಟು ಕೂರುತ್ತಾಳೆ. ಯಾವ ಕೋಣೆಯಲ್ಲಿ ಓದುಗರಿಗೆ ಎಷ್ಟು ಹೆದರಿಕೆ ಆಗಬೇಕು ಅನ್ನುವುದನ್ನು ನೆಲವೇ ತೀರ್ಮಾನಿಸಿತು.

ಇನ್ನು ತುಟಿ ಓದುವುದು. ಕಿವುಡ ಪಾತ್ರ ಅಂದ ಕೂಡಲೇ ಎಲ್ಲರೂ ಕೇಳುವುದು ಇದನ್ನೇ. ದೂರದಲ್ಲಿ ಇಬ್ಬರು ಮಾತಾಡುತ್ತಾರೆ, ನಾಯಕಿ ತುಟಿ ನೋಡಿ ಇಡೀ ಸಂಚನ್ನು ಓದಿಬಿಡುತ್ತಾಳೆ. ಓದಲು ಮಜಾ ಇರುತ್ತದೆ, ಆದರೆ ಬದುಕಿನಲ್ಲಿ ಹಾಗೆ ಆಗುವುದಿಲ್ಲ. ಕನ್ನಡಿ ಮುಂದೆ ನಿಂತು ದನಿ ಇಲ್ಲದೆ "ಮರ, ಬರ, ಪರ" ಅನ್ನಿ. ಮೂರಕ್ಕೂ ತುಟಿ ಒಂದೇ ತರ ಮುಚ್ಚಿ ತೆರೆಯುತ್ತದೆ. ಕ, ಗ, ಹ ಹುಟ್ಟುವುದು ಬಾಯಿಯ ಹಿಂಭಾಗದಲ್ಲಿ, ಗಂಟಲಲ್ಲಿ. ತುಟಿಯ ಮೇಲೆ ಅವುಗಳ ಗುರುತೇ ಇಲ್ಲ. ಇದರ ಮೇಲೆ ಮೀಸೆ, ಬಾಯಿಗೆ ಅಡ್ಡ ಬಂದ ಕೈ, ಬೆನ್ನ ಹಿಂದಿನ ಕಿಟಕಿ ಬೆಳಕು, ಮಾತಿನ ನಡುವೆ ಪಕ್ಕಕ್ಕೆ ತಿರುಗುವ ಮುಖ. ಉಳಿದದ್ದನ್ನು ಊಹೆಯಿಂದ ತುಂಬಿಕೊಳ್ಳಬೇಕು. ಇಡೀ ದಿನ ಹಾಗೆ ಊಹಿಸುತ್ತಾ ಕೂತರೆ ಸಂಜೆಗೆ ತಲೆ ಸಿಡಿಯುತ್ತದೆ ಅಂತ ಕಿವುಡ ಗೆಳೆಯರು ಹೇಳುತ್ತಾರೆ.

ಆದರೆ ಪತ್ತೇದಾರಿ ಬರೆಯುವವರಿಗೆ ಇದು ನಿಧಿ. ಕಾದಂಬರಿಯ ನಡುವೆ ಸಿರಿ ಗಾಜಿನ ಆಚೆಯಿಂದ ಅಮ್ಮ ಹೇಳಿದ ಒಂದು ಮಾತನ್ನು ನೋಡುತ್ತಾಳೆ. "ಮಾವನಿಗೆ ಗೊತ್ತು" ಅಂದರೋ "ಭಾವನಿಗೆ ಗೊತ್ತು" ಅಂದರೋ? ತುಟಿಯಲ್ಲಿ ಎರಡೂ ಒಂದೇ. ಸಂಬಂಧಿಕರಲ್ಲಿ ಇಬ್ಬರು ಬೇರೆ ಬೇರೆ ಮನುಷ್ಯರು. ಸಿರಿ ಒಬ್ಬರನ್ನು ಹಿಡಿದು ಎರಡು ಅಧ್ಯಾಯ ಹಿಂಬಾಲಿಸುತ್ತಾಳೆ. ಇಂಥ ಜಾಗಗಳಲ್ಲಿ ನಾನು ಅವಳಿಗೆ ತಲುಪದ ಪದದ ಬದಲು ಖಾಲಿ ಗೆರೆ ಬಿಟ್ಟೆ. "——ನಿಗೆ ಗೊತ್ತು. ನೀನು ಸುಮ್ನೆ ——." ಅವಳಿಗೆ ಸಿಗದ್ದು ಓದುಗರಿಗೂ ಸಿಗಬಾರದು. ಈ ನಿಯಮವನ್ನು ಕೊನೆಯವರೆಗೂ ಮುರಿಯಲಿಲ್ಲ.

ಇಷ್ಟೆಲ್ಲ ತಾಂತ್ರಿಕ ತಯಾರಿ ಆದರೂ ಕಥೆಗೆ ಜೀವ ಬಂದಿರಲಿಲ್ಲ. ಅದು ಬಂದದ್ದು ಕಿವುಡರ ಮನೆಮಾತು ಅನ್ನಬಹುದಾದ ಎರಡು ವಾಕ್ಯಗಳಿಂದ: "ಏನಿಲ್ಲ ಬಿಡು", "ಆಮೇಲೆ ಹೇಳ್ತೀನಿ". ನಾನು ಮಾತಾಡಿಸಿದ ಕಿವುಡರಲ್ಲಿ ಈ ವಾಕ್ಯಗಳನ್ನು ನೆನೆದು ಮುಖ ಸಣ್ಣಗೆ ಮಾಡಿಕೊಳ್ಳದವರು ಒಬ್ಬರೂ ಇರಲಿಲ್ಲ. ಮನೆಯವರೆಲ್ಲ ಊಟಕ್ಕೆ ಕೂತಿರುತ್ತಾರೆ. ಯಾರೋ ಏನೋ ಹೇಳುತ್ತಾರೆ, ಎಲ್ಲರೂ ನಗುತ್ತಾರೆ. "ಏನು?" ಅಂತ ಕೇಳಿದರೆ "ಏನಿಲ್ಲ ಬಿಡು" ಅನ್ನುತ್ತಾರೆ. ಆ "ಆಮೇಲೆ" ಬರುವುದೇ ಇಲ್ಲ. ಅಮೆರಿಕದ ಲೆಕ್ಕದ ಪ್ರಕಾರ ಕಿವುಡ ಮಕ್ಕಳಲ್ಲಿ 100ಕ್ಕೆ 90ಕ್ಕಿಂತ ಜಾಸ್ತಿ ಮಕ್ಕಳು ಹುಟ್ಟುವುದು ಕೇಳುವ ಅಪ್ಪ ಅಮ್ಮನಿಗೆ. ಅಂದರೆ ತನ್ನ ಮನೆಯ ಊಟದ ಹೊತ್ತಿನಲ್ಲೇ ಹೊರಗಿನವರಾಗಿ ಬೆಳೆಯುವ ಮಕ್ಕಳೇ ಹೆಚ್ಚು.

ಪತ್ತೇದಾರಿ ಕಥೆಯ ಮೂಲ ಪ್ರಶ್ನೆ ಏನು? ಯಾರಿಗೆ ಏನು ಗೊತ್ತು, ಯಾವಾಗಿಂದ ಗೊತ್ತು, ಯಾಕೆ ಹೇಳಲಿಲ್ಲ. ಕಿವುಡ ಮಗು ಈ ಪ್ರಶ್ನೆಗಳನ್ನು ಕೇಳಿಕೊಳ್ಳುತ್ತಲೇ ದೊಡ್ಡದಾಗುತ್ತದೆ, ಅಲ್ವಾ? ಮುಖ ನೋಡಿ ಸುಳ್ಳು ಹಿಡಿಯುವುದು, ಯಾರು ಯಾರ ಕಡೆ ಕಣ್ಣು ಹಾಯಿಸಿದರು ಅಂತ ಗಮನಿಸುವುದು, ತುಂಡು ತುಂಡು ಮಾಹಿತಿ ಜೋಡಿಸಿ ಇಡೀ ಸಂಗತಿ ಕಟ್ಟಿಕೊಳ್ಳುವುದು, ಇದೆಲ್ಲ ಸಿರಿಗೆ ಯಾರೂ ಕೊಟ್ಟ ವಿಶೇಷ ಶಕ್ತಿಯಲ್ಲ. ಹನ್ನೆರಡು ವರ್ಷ ದಿನಾ ಮಾಡಿದ ಕೆಲಸ. ಇದು ತಲೆಗೆ ಹೊಳೆದ ದಿನ ಕಾದಂಬರಿಯ ರಹಸ್ಯವನ್ನು ಬೀದಿಯಿಂದ ಎತ್ತಿ ಅವಳ ಮನೆಯೊಳಗೆ ತಂದಿಟ್ಟೆ. ಅಣ್ಣನ ಮೇಷ್ಟ್ರು ಕಾಣೆಯಾಗಿದ್ದಾರೆ. ಅನುಮಾನ ಅಣ್ಣನ ಮೇಲಿದೆ. ಆ ಸುದ್ದಿಯ ಬೇರು ಸಿರಿಯ ಕಣ್ಣೆದುರೇ ಊಟದ ಹೊತ್ತಿನಲ್ಲಿ ಎಷ್ಟೋ ಸಲ ಮಾತಿಗೆ ಬಂದಿತ್ತು. ಎಲ್ಲರಿಗೂ ಗೊತ್ತಿತ್ತು. ಅವಳಿಗೆ "ಆಮೇಲೆ" ಹೇಳುವುದು ಬಾಕಿ ಇತ್ತು.

ಅಣ್ಣನ ವಿರುದ್ಧ ಇರುವುದು ಒಬ್ಬ ಸಾಕ್ಷಿ. ಪಕ್ಕದ ಮನೆಯ ವಯಸ್ಸಾದ ಮನುಷ್ಯ. ರಾತ್ರಿ ಗೋಡೆಯಾಚೆ ಜಗಳ ಕೇಳಿ ಎಚ್ಚರವಾಯಿತು, ಅಣ್ಣ "ಸತ್ಯ ಹೊರಗೆ ಬಂದರೆ ಸುಮ್ನೆ ಬಿಡಲ್ಲ" ಅಂದದ್ದು ಸ್ಪಷ್ಟವಾಗಿ ಕೇಳಿಸಿತು ಅನ್ನುತ್ತಾನೆ. ಈ ಸಾಕ್ಷ್ಯವನ್ನು ಸಿರಿ ಹೇಗೆ ಮುರಿಯುತ್ತಾಳೆ ಅನ್ನುವುದನ್ನು ಕಟ್ಟಲು ನಾನು ಅತ್ಯಂತ ಜಾಸ್ತಿ ಹೊತ್ತು ಕೊಟ್ಟೆ, ಅತ್ಯಂತ ಖುಷಿಯೂ ಅಲ್ಲೇ ಸಿಕ್ಕಿತು.

ಶ್ರವಣ ಯಂತ್ರದ ಸಣ್ಣ ಬ್ಯಾಟರಿಗಳನ್ನು ನೋಡಿದ್ದೀರಾ? ಬಟನ್ ಗಾತ್ರದವು, ಝಿಂಕ್ ಏರ್ ಅನ್ನುತ್ತಾರೆ. ಪ್ರತಿಯೊಂದರ ಮೇಲೂ ಬಣ್ಣದ ಸಣ್ಣ ಸ್ಟಿಕ್ಕರ್ ಇರುತ್ತದೆ. ಅದನ್ನು ಕಿತ್ತರೆ ತೂತಿನಿಂದ ಗಾಳಿ ಒಳಗೆ ಹೋಗಿ ಬ್ಯಾಟರಿ ಕೆಲಸ ಶುರುಮಾಡುತ್ತದೆ. ಒಮ್ಮೆ ಕಿತ್ತ ಮೇಲೆ ಬಳಸಿದರೂ ಬಳಸದಿದ್ದರೂ ಅದು ಖಾಲಿಯಾಗುತ್ತಾ ಹೋಗುತ್ತದೆ. ಗಾತ್ರಕ್ಕೊಂದು ಬಣ್ಣ ಇದೆ, ಯಾವ ಕಂಪನಿಯದಾದರೂ ಅದೇ: 10 ನಂಬರಿಗೆ ಹಳದಿ, 312ಕ್ಕೆ ಕಂದು, 13ಕ್ಕೆ ಕಿತ್ತಳೆ, 675ಕ್ಕೆ ನೀಲಿ. ನೀಲಿ ದೊಡ್ಡದು, ಹೆಚ್ಚು ಶಕ್ತಿ ಬೇಕಾದ ಯಂತ್ರಕ್ಕೆ. ಸಿರಿಯದು ನೀಲಿ. ಅವಳ ಮೇಜು, ಚೀಲ, ಚಪ್ಪಲಿಯ ತಳ, ಎಲ್ಲ ಕಡೆ ನೀಲಿ ಸ್ಟಿಕ್ಕರ್ ಅಂಟಿರುತ್ತದೆ. ಇದು ನನಗೆ ಗೊತ್ತಾದದ್ದು ಯಂತ್ರ ಹಾಕುವ ಒಬ್ಬ ಗೆಳತಿಯಿಂದ. ಅವಳ ಸ್ವೆಟರ್ ತೋಳಿನಲ್ಲಿ ಒಂದು ಅಂಟಿಕೊಂಡಿತ್ತು. ಕೇಳಿದೆ, ಹೇಳಿದಳು. ಅದೇ ರಾತ್ರಿ ಪಕ್ಕದ ಮನೆಯ ಮೆಟ್ಟಿಲ ಮೇಲೆ ಸಿರಿಗೆ ಒಂದು ಕಂದು ಸ್ಟಿಕ್ಕರ್ ಸಿಕ್ಕಿತು.

ಅಲ್ಲಿಂದ ಸಿರಿ ಆ ಮನುಷ್ಯನನ್ನು ಬೇರೆ ಕಣ್ಣಿಂದ ನೋಡುತ್ತಾಳೆ. ಅವನು ಯಾವಾಗಲೂ ಕಿಟಕಿಗೆ ಬೆನ್ನು ಹಾಕಿ ಕೂರುತ್ತಾನೆ, ಎದುರಿನವರ ಮುಖಕ್ಕೆ ಬೆಳಕು ಬೀಳಲಿ ಅಂತ. ಎಲ್ಲರೂ ನಕ್ಕ ಮೇಲೆ ಒಂದು ಕ್ಷಣ ತಡವಾಗಿ ನಗುತ್ತಾನೆ. ಪ್ರಶ್ನೆಗೆ ಉತ್ತರ ಕೊಡುವ ಬದಲು ತಾನೇ ಮಾತು ಶುರುಮಾಡುತ್ತಾನೆ. ಮಾತಾಡುತ್ತಿರುವವರೆಗೆ ಕೇಳಿಸಿಕೊಳ್ಳುವ ಕಷ್ಟ ಇಲ್ಲವಲ್ಲ. ಈ ಉಪಾಯಗಳೆಲ್ಲ ಸಿರಿಗೆ ಗೊತ್ತು, ಅವಳೂ ಮಾಡುತ್ತಾಳೆ. ಕೇಳುವ ಪೊಲೀಸರಿಗೆ, ಕೇಳುವ ವಕೀಲರಿಗೆ ಕಾಣದ್ದು ಅವಳಿಗೆ ಕಾಣುತ್ತದೆ. ಅವನಿಗೆ ಕಿವಿ ಮಂದವಾಗುತ್ತಿದೆ, ಮುಚ್ಚಿಟ್ಟಿದ್ದಾನೆ.

ಹಾಗಾದರೆ ಅವನು ಪೂರ್ತಿ ಸುಳ್ಳು ಹೇಳಿದನಾ? ಇಲ್ಲಿ ವಿಜ್ಞಾನ ನನ್ನ ಕೈಹಿಡಿಯಿತು. ವಯಸ್ಸಾದಂತೆ ಬರುವ ಕಿವುಡುತನದಲ್ಲಿ ಮೊದಲು ಹೋಗುವುದು ಎತ್ತರದ ಶ್ರುತಿಗಳು. ಸ, ಶ ತರದ ಸದ್ದುಗಳ ಬಲ ಇರುವುದು 2000 ಹರ್ಟ್ಸ್‌ಗಿಂತ ಮೇಲೆ. ಸ್ವರಗಳು ಕೆಳಗಿರುತ್ತವೆ, ಅವು ಕೊನೆಯವರೆಗೂ ಉಳಿಯುತ್ತವೆ. ಅದಕ್ಕೇ ವಯಸ್ಸಾದವರು "ಕೇಳುತ್ತೆ, ಅರ್ಥ ಆಗಲ್ಲ" ಅನ್ನುವುದು. ಮಲಗುವಾಗ ಯಂತ್ರ ತೆಗೆದಿಟ್ಟವನಿಗೆ ಗೋಡೆಯಾಚೆ ಯಾರೋ ಕೂಗಾಡಿದ್ದು ಕೇಳಿರಬಹುದು. ಆ ವಾಕ್ಯ, ಎರಡೆರಡು 'ಸ' ಇರುವ ಆ ವಾಕ್ಯ, ಅಕ್ಷರ ಅಕ್ಷರ ಕೇಳಿರಲು ಸಾಧ್ಯವಿಲ್ಲ. ಅಂದಮೇಲೆ ಆ ಮಾತನ್ನು ಅವನ ಬಾಯಿಗೆ ಇಟ್ಟವರು ಯಾರು? ಕಾದಂಬರಿಯ ಎರಡನೇ ಅರ್ಧ ಓಡುವುದು ಇದರ ಹಿಂದೆ. ಅವನನ್ನು ಕೆಟ್ಟವನಾಗಿ ತೋರಿಸಲು ನನಗೆ ಮನಸ್ಸಾಗಲಿಲ್ಲ. ಕೇಳಿಸಲಿಲ್ಲ ಅಂತ ಒಪ್ಪಿಕೊಳ್ಳಲು ನಾಚಿಕೊಂಡವನು ಅವನು. ಸಿರಿ ಅವನನ್ನು ಒಬ್ಬನೇ ಇದ್ದಾಗ ಹೋಗಿ ನೋಡುತ್ತಾಳೆ, ಬರೆದು ಕೇಳುತ್ತಾಳೆ. ಇಡೀ ಪುಸ್ತಕದಲ್ಲಿ ನನಗೆ ಇಷ್ಟವಾದ ಅಧ್ಯಾಯ ಅದು.

ಪೊಲೀಸ್ ಹೇಳಿಕೆಯ ದೃಶ್ಯಕ್ಕೆ ಸಂಜ್ಞಾ ಭಾಷೆ ಕಲಿಸುವ ಒಬ್ಬರ ಹತ್ತಿರ ಹಲವು ಸಲ ಕೂತೆ. ಸಂಜ್ಞೆಯಲ್ಲಿ ಜಾಗವೇ ವ್ಯಾಕರಣ ಅಂತ ಅವರು ಮಾಡಿ ತೋರಿಸಿದರು. ಎಡಗೈ ನಿಲ್ಲಿಸಿ ಅದು ಬಾಗಿಲು ಅಂದರು. ಬಲಗೈಯ ಎರಡು ಬೆರಳು ನಿಂತ ಮನುಷ್ಯ. ಬೆರಳುಗಳು ಬಾಗಿಲ ಒಳಗಿವೆಯೋ ಹೊರಗೋ, ಮುಖ ಯಾವ ಕಡೆ, ಎಷ್ಟು ದೂರ, ಎಲ್ಲ ಒಂದೇ ಏಟಿಗೆ ಕಾಣುತ್ತದೆ. ಹುಬ್ಬು ಏರಿದರೆ ಹೌದು ಇಲ್ಲ ಅನ್ನುವ ಪ್ರಶ್ನೆ. ಭಾರತೀಯ ಸಂಜ್ಞಾ ಭಾಷೆಯಲ್ಲಿ 'ಎಲ್ಲಿ', 'ಯಾರು' ಬರುವುದು ವಾಕ್ಯದ ಕೊನೆಗೆ. ಇದನ್ನು ನೋಡಿದ ಮೇಲೆ ಸಿರಿಯ ಗೆಳೆಯನನ್ನು ಇನ್ನೊಬ್ಬ ಸಾಕ್ಷಿಯಾಗಿ ಮಾಡಿದೆ. ಅವನೂ ಕಿವುಡ. ಅವನು ಕೈಯಲ್ಲಿ ತೋರಿಸುತ್ತಾನೆ: ಮನುಷ್ಯ ಬಾಗಿಲ ಒಳಗೆ, ಬೆನ್ನು ಬೀದಿಗೆ. ಠಾಣೆಯಲ್ಲಿ ದುಭಾಷಿ ಇಲ್ಲ ಅಂತ ಸಿರಿಯ ಅಮ್ಮನನ್ನೇ ಕೂರಿಸುತ್ತಾರೆ. ಅಮ್ಮ ಹೇಳುವುದು ಇಷ್ಟೇ: "ಬಾಗಿಲ ಹತ್ತಿರ ಯಾರೋ ನಿಂತಿದ್ದರಂತೆ." ಅಮ್ಮ ಬೇಕಂತಲೇ ಬಿಟ್ಟರೋ, ಗೊತ್ತಾಗದೆ ಬಿಟ್ಟರೋ? ದುಭಾಷಿ ಆದವರು ಕಡೆ ಹಿಡಿಯಬಾರದು, ಏನನ್ನೂ ಸೇರಿಸಬಾರದು, ಬಿಡಬಾರದು. ಮಗನನ್ನು ಉಳಿಸಿಕೊಳ್ಳಬೇಕಾದ ತಾಯಿಯಿಂದ ಅದನ್ನು ಕೇಳುವುದೇ ತಪ್ಪು. ಮನೆಯವರನ್ನು ದುಭಾಷಿ ಮಾಡಿ ಕೂರಿಸುವ ಅಭ್ಯಾಸ ನಿಲ್ಲಬೇಕು ಅಂತ ನನಗೆ ಗಟ್ಟಿಯಾಗಿ ಅನ್ನಿಸುತ್ತದೆ. ಆಸ್ಪತ್ರೆಯಲ್ಲೂ ಅಷ್ಟೇ, ಠಾಣೆಯಲ್ಲೂ ಅಷ್ಟೇ.

ಕತ್ತಲಿನ ದೃಶ್ಯ ಬರೆಯುವಾಗ ಮಾತ್ರ ನಿಜಕ್ಕೂ ಭಯವಾಯಿತು. ಕರೆಂಟು ಹೋದರೆ ಕೇಳುವವರ ಮಾತು ನಿಲ್ಲುವುದಿಲ್ಲ. ಸಿರಿಗೂ ಅವಳ ಗೆಳೆಯನಿಗೂ ಕತ್ತಲಾದ ಕೂಡಲೇ ಭಾಷೆಯೇ ಆರಿಹೋಗುತ್ತದೆ. ಫೋನಿನ ಟಾರ್ಚ್ ಹಾಕಿದರೆ ಅಡಗಿದ ಜಾಗ ಗೊತ್ತಾಗುತ್ತದೆ. ಟಾರ್ಚ್ ಹಿಡಿದರೆ ಒಂದು ಕೈ ಕಟ್ಟಿದ ಹಾಗೆ. ಕಿವುಡುಗುರುಡರು ಒಬ್ಬರ ಕೈಯ ಮೇಲೆ ಇನ್ನೊಬ್ಬರು ಕೈಯಿಟ್ಟು ಸಂಜ್ಞೆಯನ್ನು ಮುಟ್ಟಿ ಓದುತ್ತಾರೆ. ಅದನ್ನು ನೆನೆದು ಗೆಳೆಯ ಸಿರಿಯ ಕೈಗಳನ್ನು ಎಳೆದು ತನ್ನ ಕೈಮೇಲೆ ಇಟ್ಟುಕೊಳ್ಳುತ್ತಾನೆ. ಮೊದಲ ಸಂಜ್ಞೆ ಅವಳಿಗೆ ತಿಳಿಯುವುದಿಲ್ಲ. ಎರಡನೆಯದು ತಿಳಿಯುತ್ತದೆ: ಇಬ್ಬರು. ಆ ದೃಶ್ಯದಲ್ಲಿ ನಾನು ಒಂದು ವಾಕ್ಯಕ್ಕೂ ಬಣ್ಣ ಹಾಕಲಿಲ್ಲ. ಬೆರಳು, ಬೆವರು, ಒತ್ತಡ, ಅಷ್ಟೇ.

ಸಂಜ್ಞೆಯ ಸಂಭಾಷಣೆಯನ್ನು ಅಚ್ಚಿನಲ್ಲಿ ಹೇಗೆ ತೋರಿಸುವುದು ಅನ್ನುವ ಚರ್ಚೆ ಬೇಗ ಮುಗಿಯಿತು. ಓರೆ ಅಕ್ಷರ ಹಾಕೋಣ ಅಂದರು. ಕನ್ನಡ ಅಕ್ಷರ ಓರೆಯಾದರೆ ಪುಟಗಟ್ಟಲೆ ಓದಲು ಕಣ್ಣು ನೋಯುತ್ತದೆ. ಅದಕ್ಕಿಂತ ಮುಖ್ಯವಾಗಿ, ಅದೂ ಮಾತೇ. ಮಾತಿಗೆ ಹಾಕುವ ಉದ್ಧರಣ ಚಿಹ್ನೆಯನ್ನೇ ಹಾಕಿದೆ, "ಅಂದಳು" ಅಂತಲೇ ಬರೆದೆ.

ಅದು ಮಾತೇ ಅನ್ನುವುದಕ್ಕೂ ಒಂದು ಇತಿಹಾಸ ಇದೆ. 1880ರಲ್ಲಿ ಇಟಲಿಯ ಮಿಲಾನ್‌ನಲ್ಲಿ ಕಿವುಡ ಮಕ್ಕಳ ಶಿಕ್ಷಕರ ಸಮ್ಮೇಳನ ನಡೆಯಿತು. ಪಾಠಕ್ಕೆ ಸಂಜ್ಞೆ ಬೇಡ, ಬಾಯಿಮಾತೇ ಇರಲಿ ಅಂತ ಅಲ್ಲಿ ನಿರ್ಣಯ ಮಾಡಿದರು. ತೀರ್ಮಾನ ಮಾಡಿದವರಲ್ಲಿ ಬಹುತೇಕ ಎಲ್ಲರೂ ಕೇಳುವವರು. ಆಮೇಲೆ ಎಷ್ಟೋ ಶಾಲೆಗಳಲ್ಲಿ ಸಂಜ್ಞೆ ಮಾಡದಿರಲಿ ಅಂತ ಮಕ್ಕಳನ್ನು ಅವರ ಕೈಗಳ ಮೇಲೇ ಕೂರಿಸಿದರು. 1960ರಲ್ಲಿ ವಿಲಿಯಂ ಸ್ಟೋಕಿ ಎಂಬ ಭಾಷಾಶಾಸ್ತ್ರಜ್ಞ ಅಮೆರಿಕದ ಸಂಜ್ಞೆಗೆ ಉಳಿದ ಭಾಷೆಗಳ ಹಾಗೇ ಒಳರಚನೆ ಇದೆ ಅಂತ ತೋರಿಸಿಕೊಟ್ಟರು. ಮಿಲಾನ್ ನಿರ್ಣಯದ ಬಗ್ಗೆ ಅದೇ ಸಮ್ಮೇಳನ ವಿಷಾದ ಹೇಳಿದ್ದು 2010ರಲ್ಲಿ, ವ್ಯಾಂಕೂವರ್‌ನಲ್ಲಿ. 130 ವರ್ಷ ಬೇಕಾಯಿತು. ಸಿರಿಯ ಶಾಲೆಯ ಹಳೆಯ ಟೀಚರ್ ಒಬ್ಬರು ಇದನ್ನು ಹೇಳುತ್ತಾರೆ. ಹೇಳುವಾಗ ತಮ್ಮ ಬೆರಳ ಗೆಣ್ಣು ತೋರಿಸುತ್ತಾರೆ, ಬೆತ್ತ ಬಿದ್ದ ಜಾಗ. ಹದಿಹರೆಯದ ಓದುಗರಿಗೆ ಇತಿಹಾಸ ಜಾಸ್ತಿಯಾಯಿತು ಅಂತ ಒಬ್ಬರು ಹೇಳಿದರು. ನಾನು ಆ ಪುಟ ತೆಗೆಯಲಿಲ್ಲ.

ಹಸ್ತಪ್ರತಿ ಮುಗಿದ ಮೇಲೆ ಕಿವುಡ ಹುಡುಗ ಹುಡುಗಿಯರಿಗೂ ಕೇಳುವವರಿಗೂ ಓದಲು ಕೊಟ್ಟೆ. ಕಿವುಡ ಓದುಗರು ತಿದ್ದಿದ್ದು ಸಣ್ಣ ಸಣ್ಣ ಸಂಗತಿಗಳನ್ನು. ತಟ್ಟೆ ಹಿಡಿದುಕೊಂಡು ಸಿರಿ ಅಷ್ಟು ಉದ್ದ ಮಾತಾಡಲು ಆಗಲ್ಲ, ಮೊದಲು ತಟ್ಟೆ ಕೆಳಗಿಡಲಿ. ಕರೆಯುವಾಗ ಭುಜ ತಟ್ಟುತ್ತೇವೆ, ಇಲ್ಲ ದೀಪ ಆರಿಸಿ ಹಾಕುತ್ತೇವೆ, ಮುಖದ ಮುಂದೆ ಚಿಟಿಕೆ ಹೊಡೆಯಲ್ಲ. ಗೆಳೆಯರು ಅವಳಿಗೆ ಒಂದು ಸಂಜ್ಞೆ ಹೆಸರು ಇಟ್ಟಿರಲೇಬೇಕು, ಅದೆಲ್ಲಿ? ಹಾಗೆ ಸಿರಿಗೆ ಹುಬ್ಬಿನ ಮೇಲಿನ ಗಾಯದ ಗುರುತನ್ನು ಬೆರಳಿಂದ ಎಳೆದು ತೋರಿಸುವ ಹೆಸರು ಬಂತು.

ಕೇಳುವ ಓದುಗರಿಗೆ ಪಕ್ಕದ ಮನೆಯವನ ಗುಟ್ಟು ಕಂದು ಸ್ಟಿಕ್ಕರ್ ಬರುವವರೆಗೂ ಹೊಳೆಯಲಿಲ್ಲ. ಕಿವುಡ ಓದುಗರು ಬಹುತೇಕ ಎಲ್ಲರೂ ಅವನು ಮೊದಲ ಸಲ ಕಾಣಿಸಿಕೊಂಡ ಪುಟದಲ್ಲೇ ಹಿಡಿದಿದ್ದರು. ತಡವಾಗಿ ನಕ್ಕನಲ್ಲ, ಆ ಸಾಲಿನ ಪಕ್ಕ ಒಬ್ಬ ಹುಡುಗ ಪೆನ್ಸಿಲಿನಲ್ಲಿ "ಇವನಿಗೂ ಕೇಳಲ್ಲ" ಅಂತ ಬರೆದಿದ್ದ. ಗುಟ್ಟು ಬೇಗ ಬಿಟ್ಟುಕೊಟ್ಟ ಹಾಗಾಯಿತು, ಆ ಸಾಲನ್ನು ತೆಗೆಯೋಣ ಅಂತ ಸಂಪಾದಕರು ಸಲಹೆ ಕೊಟ್ಟರು. ಇರಲಿ ಅಂದೆ. ಒಂದು ಪತ್ತೇದಾರಿ ಕಥೆಯಲ್ಲಾದರೂ ಸುದ್ದಿ ಮೊದಲು ಅವರಿಗೆ ತಲುಪಲಿ ಅಂತ ನನ್ನ ಆಸೆ. ಸಾಲು ಹಾಗೇ ಅಚ್ಚಿಗೆ ಹೋಗುತ್ತಿದೆ.